ಹೆಸರಿನ ಕೊನೆಯ ಅಕ್ಷರ

ಗಡಿನಾಡಿನಲ್ಲಿ ಕನ್ನಡದ ಹಕ್ಕನ್ನು ಕುರಿತು ಮಾತು ಬಂದಾಗ ಶಾಲೆ, ಅಧ್ಯಾಪಕರ ನೇಮಕ, ಅರ್ಜಿ ನಮೂನೆ, ಊರಿನ ಹೆಸರು ಇವೇ ನೆನಪಾಗುತ್ತವೆ. ಅರ್ಜಿಗಳು ಕಾಗದದಿಂದ ಕಂಪ್ಯೂಟರಿಗೆ ಸರಿದ ಮೇಲೆ ಆ ಹಕ್ಕಿನ ಒಂದು ಪಾಲು ಯಾರ ಕಣ್ಣಿಗೂ ಬೀಳದ ಎಡೆಯಲ್ಲಿ ನೆಲೆಸಿದೆ. ತಂತ್ರಾಂಶ ಬರೆಯುವವರು ತಮ್ಮ ಬರಹವನ್ನು ಒರೆಗೆ ಹಚ್ಚಲು ಬರೆದಿಡುವ ಸ್ವಯಂಚಾಲಿತ ಪರೀಕ್ಷೆಗಳೇ ಆ ಎಡೆ.

ಮಂಜೇಶ್ವರದ ಕಡೆಯ ತರುಣಿಯೊಬ್ಬಳು ದೂರದ ನಗರದ ಸಂಸ್ಥೆಯೊಂದರಲ್ಲಿ ಈ ಕೆಲಸ ಮಾಡುತ್ತಾಳೆ. ಮಲಯಾಳ, ಇಂಗ್ಲಿಷ್, ಕನ್ನಡ ಮೂರರಲ್ಲೂ ಹೆಸರು ತುಂಬಬಹುದಾದ ಅರ್ಜಿಯ ತಂತ್ರಾಂಶವೊಂದು ಅವಳ ಪಾಲಿಗೆ ಬಂದಿತ್ತು. ಇಂತಹ ತಂತ್ರಾಂಶವನ್ನು ಮೂರು ಹಂತಗಳಲ್ಲಿ ಪರೀಕ್ಷಿಸುವುದು ರೂಢಿ.

ಮೊದಲನೆಯದು ಬಿಡಿ ಭಾಗದ ಪರೀಕ್ಷೆ, ಯೂನಿಟ್ ಟೆಸ್ಟ್. ಯುನಿಕೋಡಿನಲ್ಲಿ 'ಕೋ' ಎಂಬುದರ ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆಯಬಹುದು. ಎಕಾರ, ಊಕಾರ, ದೀರ್ಘ ಎಂದು ಮೂರಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತರುವ ಪುಟ್ಟ ಭಾಗಕ್ಕೆ ಅವಳು ಪರೀಕ್ಷೆಗಳನ್ನು ಬರೆದಳು. ಅವು ರೆಪ್ಪೆ ಮಿಟುಕಿಸುವಷ್ಟರಲ್ಲಿ ಮುಗಿಯುತ್ತವೆ, ಸಾವಿರವಿದ್ದರೂ ಭಾರವಲ್ಲ.

ಎರಡನೆಯದು ಜೋಡಣೆಯ ಪರೀಕ್ಷೆ. ಅರ್ಜಿಯ ಪುಟ 30 ಸಂಕೇತಗಳವರೆಗಿನ ಹೆಸರನ್ನು ಒಪ್ಪುತ್ತಿತ್ತು. ಉಳಿಸಿಡುವ ಭಾಗ 30 ಬೈಟ್ ದಾಟಿದ್ದನ್ನು ಕತ್ತರಿಸುತ್ತಿತ್ತು. ಎರಡೂ ತಂತಮ್ಮ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದವು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕಾದ್ದರಿಂದ ತೊಡಕು ಕಾಣಲೂ ಇಲ್ಲ. ಆದರೆ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. 'ಸುಬ್ರಹ್ಮಣ್ಯ' ಕಣ್ಣಿಗೆ ನಾಲ್ಕೇ ಅಕ್ಷರ. ಯಂತ್ರಕ್ಕೆ 11 ಸಂಕೇತ, 33 ಬೈಟ್. ಪುಟ ಅದನ್ನು ಒಪ್ಪಿತು, ಉಗ್ರಾಣ ಅದನ್ನು 'ಸುಬ್ರಹ್ಮಣ್' ಮಾಡಿತು. ತಪ್ಪು ಇದ್ದದ್ದು ಯಾವ ಭಾಗದಲ್ಲೂ ಅಲ್ಲ, ಅವುಗಳ ನಡುವಣ ಕೀಲಿನಲ್ಲಿ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರಲ್ಲಿ ಮಂಗಳನ ಬಳಿ ನಾಶವಾದುದೂ ಹೀಗೆಯೇ: ಒಂದು ತಂತ್ರಾಂಶ ಪೌಂಡ್ ಅಳತೆಯಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಎಂದು ಓದಿಕೊಂಡಿತು.

ಮೂರನೆಯದು ಆದಿಯಿಂದ ಅಂತ್ಯದವರೆಗಿನ ಪರೀಕ್ಷೆ: ಹೆಸರು ತುಂಬಿ, ಉಳಿಸಿ, ಪ್ರಮಾಣಪತ್ರ ಅಚ್ಚಾಗುವವರೆಗೆ ಯಂತ್ರವೇ ಬಳಕೆದಾರನಂತೆ ನಡೆದು ನೋಡುವುದು. ಉದ್ದ ಸರಿಪಡಿಸಿದ ಮೇಲೂ ಅಚ್ಚಿನಲ್ಲಿ ಒತ್ತಕ್ಷರ ಬಿಡಿಯಾಗಿ ನಿಂತದ್ದು ಇಲ್ಲಿ ಗೊತ್ತಾಯಿತು. ಈ ಪರೀಕ್ಷೆ ನಿಧಾನ. ಪುಟದ ಒಂದು ಗುಂಡಿ ಜಾಗ ಬದಲಿಸಿದರೂ ಮುರಿದು ಬೀಳುತ್ತದೆ. ಆದ್ದರಿಂದಲೇ ಮೈಕ್ ಕೋನ್ 2009ರ ತಮ್ಮ ಪುಸ್ತಕದಲ್ಲಿ ಪಿರಮಿಡ್ಡಿನ ಚಿತ್ರ ಕೊಟ್ಟರು: ತಳದಲ್ಲಿ ಬಿಡಿ ಪರೀಕ್ಷೆಗಳು ಹೇರಳ, ತುದಿಯಲ್ಲಿ ಪೂರ್ಣ ಪರೀಕ್ಷೆಗಳು ಕೆಲವೇ. ಯಕ್ಷಗಾನ ಬಲ್ಲ ನಾಡಿಗೆ ಇದು ಹೊಸತಲ್ಲ. ಹೆಜ್ಜೆಯ ಅಭ್ಯಾಸ ದಿನವೂ ನಡೆಯಬೇಕು. ಹಿಮ್ಮೇಳ ಮುಮ್ಮೇಳ ಕೂಡಿ ನೋಡುವುದು ಆಗಾಗ. ಇಡೀ ರಾತ್ರಿಯ ಆಟವನ್ನು ದಿನಕ್ಕೆ ಹತ್ತು ಸಲ ಆಡಿ ನೋಡಲಾಗದು.

ಆ ತುದಿಯ ಕೆಲವೇ ಸ್ಥಾನಗಳಲ್ಲಿ ಕನ್ನಡಕ್ಕೊಂದು ಬೇಕೆ ಎಂಬುದೇ ಸಭೆಯಲ್ಲಿ ವಾದವಾಯಿತು. ಬಳಸುವವರು ಎಷ್ಟು ಮಂದಿ ಎಂದು ಹಿರಿಯರೊಬ್ಬರು ಕೇಳಿದರು. ಸಂಖ್ಯೆ ಹೇಳಿ ಗೆಲ್ಲುವಂತಿರಲಿಲ್ಲ. "ಪ್ರಮಾಣಪತ್ರದಲ್ಲಿ ಹೆಸರು ಅರ್ಧವಾದರೆ ಆ ಮನುಷ್ಯ ಮತ್ತೆ ಬಸ್ಸು ಹತ್ತಿ ಕಚೇರಿಗೆ ಬರಬೇಕು ಸರ್. ಮುಂದಿನ ಸಲ ಅವರು ಕನ್ನಡದಲ್ಲಿ ತುಂಬುವುದಿಲ್ಲ. ಆಮೇಲೆ ಬಳಸುವವರೇ ಇಲ್ಲ ಎಂದು ನಾವೇ ಲೆಕ್ಕ ಕೊಡುತ್ತೇವೆ" ಎಂದಳು. ಸ್ವಲ್ಪ ಹೊತ್ತಿನ ಮೌನದ ಬಳಿಕ ಒಂದು ಪರೀಕ್ಷೆಗೆ ಒಪ್ಪಿಗೆ ದೊರೆಯಿತು.

ಅಚ್ಚಾದ ಪುಟವನ್ನು ಮೊದಲೇ ಒಪ್ಪಿದ ಮಾದರಿ ಚಿತ್ರದೊಂದಿಗೆ ಹೋಲಿಸುವುದು ಆ ಪರೀಕ್ಷೆಯ ಕೆಲಸ. ಹೋಲಿಸುವುದು ಯಂತ್ರ. ಆದರೆ ಮಾದರಿ ಸರಿಯಾಗಿದೆ ಎಂದು ಮೊದಲು ಹೇಳಲು ಕನ್ನಡ ಓದಬಲ್ಲ ಒಬ್ಬರು ಅಲ್ಲಿ ಇರಲೇಬೇಕು. ಆ ಕೊಠಡಿಯಲ್ಲಿ ಅಂಥವಳು ಅವಳೊಬ್ಬಳೇ ಇದ್ದಳು.