ಗುರುತು ಹಿಡಿಯುವವರು

ಇಂಗ್ಲಿಷಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸವಿರುವ ಎರಡು ಪದಗಳು ಕನ್ನಡ ಲಿಪಿಗೆ ಬಂದಾಗ ಒಂದೇ ಆಗಿಬಿಡುತ್ತವೆ: ಕಾಂಪ್ಲಿಮೆಂಟ್. ಒಂದಕ್ಕೆ ಹೊಗಳಿಕೆ ಎಂದರ್ಥ. ಇನ್ನೊಂದಕ್ಕೆ ಪೂರಕ, ಕೊರತೆಯನ್ನು ತುಂಬಿಕೊಡುವುದು ಎಂದರ್ಥ. ನಮ್ಮ ರಕ್ತದಲ್ಲಿರುವುದು ಎರಡನೆಯದು.

1890ರ ದಶಕದಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಬೆಲ್ಜಿಯಂನ ಜೂಲ್ ಬೋರ್ಡೆ, ಕಾಲರಾ ರೋಗಾಣುವನ್ನು ಕೊಲ್ಲಬಲ್ಲ ಸೀರಮ್ಮನ್ನು ಸುಮಾರು 56 ಡಿಗ್ರಿಗೆ ಬಿಸಿ ಮಾಡಿದ. ಅದರ ಶಕ್ತಿ ಹೋಯಿತು. ರೋಗದ ಪರಿಚಯವೇ ಇಲ್ಲದ ಪ್ರಾಣಿಯ ತಾಜಾ ಸೀರಮ್ಮನ್ನು ಸ್ವಲ್ಪ ಬೆರೆಸಿದ. ಶಕ್ತಿ ಮರಳಿತು. ಹಾಗಾದರೆ ಬಿಸಿಗೆ ಕೆಡುವ ಇನ್ನೇನೋ ಒಂದು ಎಲ್ಲರ ರಕ್ತದಲ್ಲೂ ಹುಟ್ಟಿನಿಂದಲೇ ಇದೆ. ಅದಕ್ಕೆ ‘ಕಾಂಪ್ಲಿಮೆಂಟ್’ ಎಂದು ಹೆಸರಿಟ್ಟವನು ಪಾಲ್ ಎರ್ಲಿಖ್. ಬೋರ್ಡೆಗೆ 1919ರ ನೊಬೆಲ್ ಬಂತು. ಪ್ರತಿಕಾಯಗಳ ಹಿಂದೆ ನಡೆಯುವ ಸಹಾಯಕ ಎಂಬ ಸ್ಥಾನವೇ ಅದಕ್ಕೆ ಬಹುಕಾಲ ಉಳಿಯಿತು. ಪ್ರತಿಕಾಯಗಳು ಇನ್ನೂ ತಯಾರಾಗದ ಮೊದಲ ಗಂಟೆಗಳಲ್ಲೇ ಅದು ಕೆಲಸ ಶುರುಮಾಡಬಲ್ಲದು ಎಂಬುದು ಆಮೇಲೆ ತಿಳಿದದ್ದು.

ಇದನ್ನೆಲ್ಲ ನಾನು ಓದಿದ್ದು ಆಸ್ಪತ್ರೆಯ ಕಾರಿಡಾರಿನ ಕುರ್ಚಿಯಲ್ಲಿ. ಹೋದ ಮಳೆಗಾಲ ಅಮ್ಮನಿಗೆ ನ್ಯುಮೋನಿಯಾ ಆಗಿತ್ತು. ಎರಡನೇ ರಾತ್ರಿ ಅವಳು ನನ್ನನ್ನು ದಿಟ್ಟಿಸಿ ನೋಡಿ, “ಯಾವೂರಮ್ಮ ನಿಮ್ದು? ಊಟ ಆಯ್ತಾ?” ಎಂದು ಕೇಳಿದಳು. ಗೊತ್ತಿಲ್ಲದವರನ್ನು ಮಾತಾಡಿಸುವ ಅವಳ ಎಂದಿನ ಮರ್ಯಾದೆಯ ದನಿ ಅದು. ವಯಸ್ಸಾದವರಿಗೆ ಸೋಂಕು ಜೋರಾದಾಗ ಹೀಗಾಗುತ್ತದೆ, ಹೆದರಬೇಡಿ ಎಂದರು ಡಾಕ್ಟರು. ನಾನು ಹೆದರಿದೆ. ಕೈಯಲ್ಲಿ ಲ್ಯಾಬಿನ ಚೀಟಿ ಇತ್ತು: ಸಿಆರ್‌ಪಿ 168. ಹತ್ತರೊಳಗೆ ಇರಬೇಕಾದದ್ದು.

ಸಿಆರ್‌ಪಿ ನಮಗೆಲ್ಲ ಒಂದು ಅಂಕಿಯಾಗಿಯೇ ಗೊತ್ತು. ಕೋವಿಡ್ಡಿನ ದಿನಗಳಲ್ಲಿ ಮನೆಮನೆಯಲ್ಲೂ ಕೇಳಿದ ಹೆಸರು. ಆದರೆ ಅದೊಂದು ಪ್ರೊಟೀನು; ಐದು ಎಸಳಿನ ಉಂಗುರದಂತಿರುತ್ತದೆ. 1930ರಲ್ಲಿ ಅದು ಮೊದಲು ಪತ್ತೆಯಾದದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲೇ. ಸೋಂಕಿನ ಸುದ್ದಿ ತಲುಪಿದೊಡನೆ ಯಕೃತ್ತು ಅದನ್ನು ತಯಾರಿಸಿ ಕಳಿಸತೊಡಗುತ್ತದೆ. ಒಂದೆರಡು ದಿನದೊಳಗೆ ಅದು ಸಾವಿರ ಪಟ್ಟು ಏರುವುದೂ ಉಂಟು. ರೋಗಾಣುವಿನ ಮೈಮೇಲಿನ ಫಾಸ್ಫೋಕೋಲಿನ್ ಎಂಬ ಗುರುತನ್ನು ಅದು ಹಿಡಿಯುತ್ತದೆ.

ಅದು ಒಂಟಿಯಲ್ಲ. ಎಂಬಿಎಲ್ ಎಂಬ ಇನ್ನೊಂದು ಪ್ರೊಟೀನು ಮ್ಯಾನೋಸಿನಂಥ ಸಕ್ಕರೆಗಳನ್ನು ಹುಡುಕುತ್ತದೆ. ಫೈಕೋಲಿನ್‌ಗಳು ಬೇರೆ ಗುರುತುಗಳನ್ನು ಹುಡುಕುತ್ತವೆ. ಎಂಬಿಎಲ್ ನೋಡಲು ಹೂಗೊಂಚಲಿನಂತೆ, ಒಂದೇ ಬುಡಕ್ಕೆ ಹಲವು ತಲೆ. ಒಂದೊಂದು ತಲೆಯ ಹಿಡಿತವೂ ಸಡಿಲ; ಒಂದೇ ಆಗಿದ್ದರೆ ಹಿಡಿದು ಬಿಟ್ಟುಬಿಡುತ್ತದೆ. ಆದರೆ ರೋಗಾಣುವಿನ ಮೈಮೇಲೆ ಆ ಸಕ್ಕರೆಗಳು ಸಾಲುಸಾಲಾಗಿ ಇರುತ್ತವೆ. ಹಲವು ತಲೆಗಳು ಒಟ್ಟಿಗೆ ಕಚ್ಚಿಕೊಂಡಾಗ ಬಿಡಿಸಲಾಗದ ಹಿಡಿತ. ನಮ್ಮದೇ ಜೀವಕೋಶಗಳ ಮೇಲೆ ಆ ಸಾಲು ಸಾಮಾನ್ಯವಾಗಿ ಸಿಗದು.

ಹಿಡಿದ ಮೇಲೆ ಕೆಲಸ ಕೈಯಿಂದ ಕೈಗೆ ದಾಟುತ್ತದೆ. ಎಂಬಿಎಲ್‌ಗೆ ಅಂಟಿಕೊಂಡೇ ಇರುವ ಮಾಸ್ಪ್-1, ಮಾಸ್ಪ್-2 ಎಂಬ ಕಿಣ್ವಗಳಲ್ಲಿ ಮೊದಲನೆಯದು ಎರಡನೆಯದನ್ನು ಎಚ್ಚರಿಸುತ್ತದೆ. ಎಚ್ಚೆತ್ತದ್ದು ಸಿ4, ಸಿ2ಗಳನ್ನು ಕತ್ತರಿಸುತ್ತದೆ. ಅವು ಸೇರಿ ಸಿ3ಯನ್ನು. ಅದರ ತುಣುಕುಗಳು ರೋಗಾಣುವಿನ ಮೈತುಂಬ ಅಂಟಿಕೊಳ್ಳುತ್ತವೆ. ಬಿಳಿ ರಕ್ತಕಣಗಳಿಗೆ ಅದೇ ಊಟದ ಕರೆ. ಸಿಆರ್‌ಪಿ ಹಿಡಿದ ಕಡೆ ಸಿ1ಕ್ಯೂ ಎಂಬ ಇನ್ನೊಂದು ಗೊಂಚಲು ಬಂದು ಕೂತು, ಬೇರೆ ದಾರಿಯಿಂದ ಅದೇ ಸಿ3ಯನ್ನು ಮುಟ್ಟುತ್ತದೆ.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಆರೋಗ್ಯದ ದಿನಗಳಲ್ಲಿ ಸಿಆರ್‌ಪಿಗೂ ಫೈಕೋಲಿನ್ನಿಗೂ ಅಷ್ಟಕ್ಕಷ್ಟೆ. ಸೋಂಕು ತಗುಲಿದ ಜಾಗದಲ್ಲಿ ಆಮ್ಲತೆ ಕೊಂಚ ಏರಿ, ಕ್ಯಾಲ್ಸಿಯಂ ಇಳಿದಾಗ ಮಾತ್ರ ಅವು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಆಗ ಒಂದು ಗುರುತಿಸಿದ್ದನ್ನು ಇನ್ನೊಂದೂ ಗುರುತಿಸಿದಂತೆ. ಪೂರಕದ ಕೆಲಸ ಚುರುಕಾಗುತ್ತದೆ. ಕೆಡುಕಿನ ಜಾಗವೇ ಅವನ್ನು ಕೂಡಿಸುತ್ತದೆ. ಇದೇ ಸಿಆರ್‌ಪಿ, ಫ್ಯಾಕ್ಟರ್ ಎಚ್ ಎಂಬ ತಡೆಗಾರನನ್ನೂ ಜೊತೆಗೆ ಕರೆಯುತ್ತದೆ. ಕೊಲ್ಲುವ ಕೆಲಸ ಮಿತಿಮೀರಿದರೆ ಸುಡುವುದು ನಮ್ಮದೇ ಮೈ.

ಹುಟ್ಟಿನಿಂದಲೇ ಎಂಬಿಎಲ್ ಕಡಿಮೆ ಇರುವವರು ಬಹಳ ಮಂದಿ. ಎಳೆಯ ಮಕ್ಕಳಲ್ಲಿ ಅದರಿಂದ ಪದೇಪದೇ ಸೋಂಕಾಗುವುದುಂಟು. ಆದರೆ ಹೆಚ್ಚಿನವರು ತಮಗೇನೋ ಕಡಿಮೆಯಿದೆ ಎಂಬುದೇ ಗೊತ್ತಿಲ್ಲದೆ ಬದುಕುತ್ತಾರೆ. ಉಳಿದವು ತುಂಬಿಕೊಡುತ್ತವೆ.

ಆ ರಾತ್ರಿ ನನಗೆ ಇದರಲ್ಲಿ ಸಿಕ್ಕಿದ್ದು ಸಮಾಧಾನ ಎನ್ನಲಾರೆ. ಹೆತ್ತ ಮಗಳ ಮುಖವನ್ನು ಅಮ್ಮ ಮರೆತಿದ್ದಳು. ಅವಳ ರಕ್ತ ಮಾತ್ರ, ಎಂದೂ ಕಾಣದ ಪರಕೀಯನನ್ನು ಗುರುತು ಹಿಡಿಯುತ್ತ ಕೂತಿತ್ತು. ನೆನಪಿಗಿಂತ ಬಹಳ ಹಳೆಯ ತಿಳಿವು ಅದು. ಅದಕ್ಕೆ ನನ್ನ ಹೆಸರು ಬೇಕಿರಲಿಲ್ಲ. ಅವಳು ಉಳಿಯುವುದು ಬೇಕಿತ್ತು.

ಆಂಟಿಬಯಾಟಿಕ್ಕೂ ತನ್ನ ಪಾಲಿನ ಕೆಲಸ ಮಾಡಿತು. 168 ಇದ್ದದ್ದು 92 ಆಯಿತು, ಆಮೇಲೆ 40. ನಾಲ್ಕನೇ ಬೆಳಿಗ್ಗೆ ನಾನು ಮಾತಾಡಿದಾಗ ಅಮ್ಮ ದನಿ ಬಂದ ಕಡೆ ತಿರುಗಿದಳು, ಅನುಮಾನದಿಂದಲೇ. ಹತ್ತಿರ ಹೋದೆ. ಮುಖ ನೋಡಿದಳು, ಇನ್ನೂ ಅನುಮಾನ. ಕೈ ಹಿಡಿದುಕೊಂಡೆ. ಬೆರಳುಗಳನ್ನು ಒಂದೊಂದಾಗಿ ಸವರಿದಳು.

“ಕೈ ಇಷ್ಟು ತಣ್ಣಗಿದೆಯಲ್ಲೇ,” ಎಂದಳು. “ಸ್ವೆಟರ್ ತಂದಿಲ್ವಾ?”