ಮಿನುಗಿ ಮರೆಯಾದ ಕೆಂಪು ದೀಪ

ಸಿಂಧನೂರಿನಿಂದ ಅಕ್ಕಿ ತಂದು ಹಟ್ಟಿ, ಲಿಂಗಸುಗೂರುಗಳ ಅಂಗಡಿಗಳಿಗೆ ಮುಟ್ಟಿಸುವುದು ನಮ್ಮ ಮನೆಯ ಕಾಯಕ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರನ್ನು ಭತ್ತದ ನಾಡನ್ನಾಗಿ ಮಾಡಿತು. ಆ ಅಕ್ಕಿಯನ್ನು ಹೊರುವ ಕೆಲಸ 2006ರ ಮಾದರಿಯ ನಮ್ಮ ಪಿಕಪ್ ವಾಹನದ ಪಾಲಿಗೆ ಬಂದಿತು. ಶ್ರಾವಣ ಮಾಸದಲ್ಲಿ ಮಠದ ದಾಸೋಹಕ್ಕೆ ಚೀಲಗಳನ್ನು ಒಯ್ಯುವ ಸೇವೆಯೂ ಅದರದೇ. 2019ರ ಶ್ರಾವಣದಲ್ಲಿ ಈ ವಾಹನವು ನಮಗೆ ಕಲಿಸಿದ ಪಾಠವನ್ನು ಓದುಗ ಬಂಧುಗಳ ಮುಂದಿಡಬಯಸುತ್ತೇವೆ.

ವಾಹನ ನಡೆಸುವವನು ನಮ್ಮ ಅಣ್ಣನ ಮಗ. ಒಂದು ಸಂಜೆ ಬಂದವನೇ, "ಕಾಕಾ, ಬ್ರೇಕಿನ ಕೆಂಪು ದೀಪ ಹತ್ತತೈತಿ, ಆರತೈತಿ. ಮಸ್ಕಿ ದಾಟೂದ್ರಾಗ ನಾಕು ಸಲ ಹತ್ತಿತು" ಎಂದನು. ಮರುದಿನ ಗ್ಯಾರೇಜಿಗೆ ಒಯ್ದರೆ ದೀಪ ಹತ್ತಲೇ ಇಲ್ಲ! ಬಂದುಹೋಗುವ ದೋಷದ ಸ್ವಭಾವವೇ ಅಂತಹದು, ತೋರಿಸಹೋದಾಗ ಅಡಗಿಕೊಳ್ಳುತ್ತದೆ. ಹ್ಯಾಂಡ್‌ಬ್ರೇಕಿನ ಸ್ವಿಚ್ಚು ಸವೆದಿರಬಹುದೆಂದು ಮಿಸ್ತ್ರಿ ಹೇಳಿದನು. ಬ್ರೇಕು ಚೆನ್ನಾಗಿಯೇ ಹಿಡಿಯುತ್ತಿದ್ದುದರಿಂದ, "ಹಂಗಾದ್ರ ಆ ಬಲ್ಬನ್ನೇ ಕಿತ್ತುಬಿಡೋಣ" ಎಂದು ನಾವು ಮನೆಯಲ್ಲಿ ಆಡಿದೆವು.

ನಮ್ಮ ತಂದೆಯವರು ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದವರು. ತೊಟ್ಟಿಲನ್ನು ಭೂಗರ್ಭಕ್ಕೆ ಇಳಿಸುವುದೂ ಮೇಲೆತ್ತುವುದೂ ಗಂಟೆಯ ಸಂಜ್ಞೆಯಿಂದಲೇ ಎಂಬುದನ್ನು ತಾಯಿಯವರು ಅವರಿಂದ ಕೇಳಿ ಬಲ್ಲರು. ಅವರು ಒಳಗಿನಿಂದಲೇ, "ಗಣಿಯಾಗ ಗಂಟಿ ಬಾರಿಸಿದ್ರ, ಗದ್ದಲಾ ಅಂತ ಗಂಟೀನ ಬಿಚ್ಚಿ ಇಡ್ತಾರೇನಪಾ?" ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಅಂದಿನಿಂದ ಹುಡುಗನು ದೀಪ ಹತ್ತಿದಾಗಲೆಲ್ಲ ಚೀಟಿಯಲ್ಲಿ ಬರೆದಿಡತೊಡಗಿದನು. ಮೂರು ದಿನಗಳ ಚೀಟಿ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಬಿದ್ದಿತು. ನೇರ ದಾರಿಯಲ್ಲಿ ದೀಪವಿಲ್ಲ. ತಿರುವಿನಲ್ಲಿ, ಇಳಿಜಾರಿನಲ್ಲಿ, ಬ್ರೇಕು ತುಳಿದಾಗ ಮಾತ್ರ ಇದೆ. ನಮ್ಮ ವಾಹನದಲ್ಲಿ ಆ ಒಂದೇ ದೀಪಕ್ಕೆ ಎರಡು ಅರ್ಥ: ಹ್ಯಾಂಡ್‌ಬ್ರೇಕು ಪೂರ್ತಿ ಇಳಿದಿಲ್ಲವೆಂಬುದು ಒಂದು, ಬ್ರೇಕ್ ಆಯಿಲ್ ತಗ್ಗಿದೆಯೆಂಬುದು ಇನ್ನೊಂದು. ಮಿಸ್ತ್ರಿಯು ಹ್ಯಾಂಡ್‌ಬ್ರೇಕಿನ ಸ್ವಿಚ್ಚಿನ ವಾಯರನ್ನು ಬಿಡಿಸಿ ಓಡಿಸಿ ನೋಡಿದನು. ತಿರುವಿನಲ್ಲಿ ದೀಪ ಮತ್ತೆ ಹತ್ತಿತು. ಆಯಿಲಿನ ಡಬ್ಬಿಯಲ್ಲಿ ಮಟ್ಟವು ಕೆಳಗಿನ ಗೆರೆಗೆ ಇಳಿದಿತ್ತು. ಅದರೊಳಗಿನ ಬೆಂಡು ಆಯಿಲಿನ ಮೇಲೆ ತೇಲುತ್ತಿರುತ್ತದೆ. ವಾಹನ ವಾಲಿದಾಗ ಆಯಿಲು ಒಂದು ಕಡೆಗೆ ಸರಿದು ಬೆಂಡು ಕುಸಿಯುತ್ತದೆ, ದೀಪ ಹತ್ತುತ್ತದೆ.

ಆಯಿಲು ತುಂಬಿಸಿದೆವು; ದೀಪ ನಿಂತಿತು. ಗೆದ್ದೆವೆಂದುಕೊಂಡೆವು. ಇದು ನಮ್ಮ ಎರಡನೆಯ ತಪ್ಪು. ಬ್ರೇಕ್ ಆಯಿಲು ಡೀಸೆಲಿನಂತೆ ಉರಿದು ತೀರುವ ವಸ್ತುವಲ್ಲ. ಮಟ್ಟ ಇಳಿಯಿತೆಂದರೆ ಬ್ರೇಕಿನ ಪ್ಯಾಡು ಸವೆದಿರಬೇಕು, ಇಲ್ಲವೇ ಎಲ್ಲಿಯೋ ಸೋರುತ್ತಿರಬೇಕು. ಆರನೆಯ ದಿನ ದೀಪ ಮತ್ತೆ ಹತ್ತಿದಾಗ ಹಿಂದಿನ ಗಾಲಿಗಳ ಡ್ರಮ್ಮುಗಳನ್ನು ಬಿಚ್ಚಿಸಿದೆವು. ಎಡಗಡೆಯ ವೀಲ್ ಸಿಲಿಂಡರಿನ ರಬ್ಬರು ಹರಿದು, ಲೈನರು ಆಯಿಲಿನಲ್ಲಿ ತೊಯ್ದಿತ್ತು. ಎರಡೂ ಬದಿಯ ಸಿಲಿಂಡರು, ಲೈನರುಗಳನ್ನು ಬದಲಿಸಿ, ಹೊಸ ಆಯಿಲು ಹಾಕಿ, ಕೊಳವೆಗಳೊಳಗಿನ ಗಾಳಿ ತೆಗೆಸಿದ ಮೇಲೆ ದೀಪ ಆರಿತು. ಮುಂದಿನ ಸೋಮವಾರ ಅದೇ ವಾಹನ ದಾಸೋಹದ ಅಕ್ಕಿ ಹೊತ್ತು ಮಠಕ್ಕೆ ಹೊರಟಿತು. ಆ ದಾರಿಯುದ್ದಕ್ಕೂ ಮಕ್ಕಳು ಮರಿಗಳೊಡನೆ ಭಕ್ತರು ನಡೆದು ಹೋಗುತ್ತಿದ್ದರು. ಬಲ್ಬು ಕಿತ್ತುಹಾಕಿ ಹೊರಟಿದ್ದರೆ ಏನಾಗುತ್ತಿತ್ತೆಂದು ನೆನೆದಾಗ ಇಂದಿಗೂ ನಮ್ಮ ಮೈ ನಡುಗುತ್ತದೆ.

ವಾಹನವುಳ್ಳ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಎಚ್ಚರಿಕೆಯ ದೀಪ ಒಮ್ಮೆ ಹತ್ತಿ ಆರಿದರೆ, ಆರಿತೆಂದು ಸಮಾಧಾನಪಡಬೇಡಿರಿ. ಯಾವಾಗ, ಎಲ್ಲಿ, ಏನು ಮಾಡುವಾಗ ಹತ್ತಿತೆಂಬುದನ್ನು ಬರೆದಿಟ್ಟು ಮಿಸ್ತ್ರಿಗೆ ತೋರಿಸಿರಿ. ಬ್ರೇಕಿನ ದೀಪವಾದರೆ ಆಯಿಲು ಸುರಿದು ಮುಂದೆ ಸಾಗದೆ, ಅದು ಇಳಿದ ಕಾರಣವನ್ನು ಕಂಡುಹಿಡಿದ ಮೇಲೆಯೇ ಭಾರ ಹೇರಿರಿ.

ಈಗ ನಮ್ಮ ಹುಡುಗನು ಮುಂಜಾನೆ ಲಿಂಗಪೂಜೆ ಮುಗಿಸಿ ಬಂದು, ಸ್ಟೇರಿಂಗಿಗೆ ವಿಭೂತಿ ಹಚ್ಚಿ, ಕೀಲಿ ತಿರುಗಿಸಿ ಒಂದು ಕ್ಷಣ ತಡೆಯುತ್ತಾನೆ. ದೀಪಗಳೆಲ್ಲ ಹತ್ತಬೇಕು, ಎಂಜಿನ್ ಚಾಲೂ ಆಗಿ ಹ್ಯಾಂಡ್‌ಬ್ರೇಕು ಇಳಿಸಿದ ಮೇಲೆ ಆರಬೇಕು. ಮೊದಲೇ ಹತ್ತದ ದೀಪವಿದ್ದರೆ ಅದರ ಬಲ್ಬು ಸತ್ತಿರಬಹುದು. ಅದನ್ನು ಹಾಕಿಸಿಯೇ ಅವನು ಸಿಂಧನೂರಿನ ದಾರಿ ಹಿಡಿಯುತ್ತಾನೆ.