ಬಿಳಿ ಹಂಸದ ದ್ವೀಪದಲ್ಲಿ

ದಕ್ಷಿಣ ಚೀನಾದ ಗುವಾಂಗ್‌ಝೌ ನಗರವನ್ನು ನಮ್ಮ ಹಿರಿಯರು ಕ್ಯಾಂಟನ್ ಎಂದು ಓದಿದ್ದರು. ಅಲ್ಲಿ ಹರಿಯುವ ನದಿಗೆ ಮುತ್ತಿನ ನದಿ ಎಂಬ ಸೊಗಸಾದ ಹೆಸರು. ಬಣ್ಣದಲ್ಲಿ ಮಾತ್ರ ಅದು ಮಳೆಗಾಲದ ನಮ್ಮ ತುಂಗೆಯ ಹಾಗೆ. ಈ ನದಿಯ ಬಡಗಣ ದಂಡೆಗೆ ಅಂಟಿಕೊಂಡಂತೆ ಶಾಮಿಯನ್ ಎಂಬ ಪುಟ್ಟ ದ್ವೀಪವಿದೆ. ಉದ್ದ ಒಂದು ಕಿಲೋಮೀಟರಿಗೂ ಕಡಿಮೆ, ಅಗಲ ಸುಮಾರು 300 ಮೀಟರ್. ಒಂದು ಕಿರುಗಾಲುವೆ ಇದನ್ನು ಊರಿನಿಂದ ಬೇರೆ ಮಾಡಿದೆ. ಎರಡನೆಯ ಅಫೀಮು ಯುದ್ಧದ ಕಾಲದಲ್ಲಿ, 1859ರಲ್ಲಿ, ಈ ಮರಳದಿಬ್ಬವನ್ನು ಬ್ರಿಟಿಷರೂ ಫ್ರೆಂಚರೂ ಹಂಚಿಕೊಂಡರು. ಐದರಲ್ಲಿ ನಾಲ್ಕು ಪಾಲು ಬ್ರಿಟಿಷರಿಗೆ, ಒಂದು ಪಾಲು ಫ್ರೆಂಚರಿಗೆ. ಅವರು ಕಟ್ಟಿದ ಬ್ಯಾಂಕುಗಳು, ಬಂಗಲೆಗಳು, ಎರಡು ಚರ್ಚುಗಳು ಈಗಲೂ ಆಲದ ಮರಗಳ ನೆರಳಿನಲ್ಲಿ ನಿಂತಿವೆ. ಬೆಂಗಳೂರಿನ ದಂಡು ಪ್ರದೇಶವನ್ನು ಹಳೆಯ ದಿನಗಳಲ್ಲಿ ಕಂಡವರಿಗೆ ಇಲ್ಲಿ ಅಪರಿಚಿತವೆನಿಸುವುದು ಅಂಗಡಿಗಳ ಬೋರ್ಡುಗಳು ಮಾತ್ರ.

ಆದರೆ ಈ ದ್ವೀಪವನ್ನು ಲೋಕದ ಸಾವಿರಾರು ಮನೆಗಳು ನೆನಪಿಟ್ಟುಕೊಂಡಿರುವುದು ಅದರ ಕಟ್ಟಡಗಳಿಗಾಗಿ ಅಲ್ಲ. ಚೀನಾ 1992ರಲ್ಲಿ ವಿದೇಶಿಯರಿಗೆ ಮಕ್ಕಳನ್ನು ದತ್ತು ಕೊಡಲು ಆರಂಭಿಸಿತು. ಒಂದೇ ಮಗುವಿನ ಕಟ್ಟಳೆ, ಅದರ ಮೇಲೆ ಗಂಡು ಬೇಕೆಂಬ ಹಂಬಲ. ಹೀಗಾಗಿ ಎಷ್ಟೋ ಹೆಣ್ಣು ಕೂಸುಗಳು ಸಂತೆಬೀದಿಯಲ್ಲಿ, ನಿಲ್ದಾಣದಲ್ಲಿ, ಅನಾಥಾಲಯದ ಬಾಗಿಲಿನಲ್ಲಿ ಸಿಗುತ್ತಿದ್ದವು. ಅಮೆರಿಕದ ದಂಪತಿಗಳು ಯಾವ ಪ್ರಾಂತ್ಯದಲ್ಲಿ ಮಗುವನ್ನು ಪಡೆದರೂ ಕೊನೆಗೆ ವೀಸಾಕ್ಕಾಗಿ ಗುವಾಂಗ್‌ಝೌಗೆ ಬರಲೇಬೇಕಿತ್ತು. ಅಮೆರಿಕದ ದೂತಾವಾಸ ಕಚೇರಿ ಆಗ ಶಾಮಿಯನ್ ದ್ವೀಪದಲ್ಲೇ ಇತ್ತು. ಅದರ ಪಕ್ಕದಲ್ಲೇ 1983ರಲ್ಲಿ ಆರಂಭವಾದ 'ವೈಟ್ ಸ್ವಾನ್' ಎಂಬ ದೊಡ್ಡ ಹೋಟೆಲು. ಅಂದರೆ ಬಿಳಿ ಹಂಸ. ಬಂದವರೆಲ್ಲ ಮಗುವಿನೊಂದಿಗೇ ಹೊರಡುತ್ತಿದ್ದುದರಿಂದ ಅದಕ್ಕೆ 'ವೈಟ್ ಸ್ಟಾರ್ಕ್' ಎಂಬ ಅಡ್ಡಹೆಸರೂ ಬಿತ್ತು. ಕೊಕ್ಕರೆ ಮಗುವನ್ನು ತಂದುಕೊಡುತ್ತದೆ ಎನ್ನುವುದು ಪಾಶ್ಚಾತ್ಯರ ಅಜ್ಜಿಕತೆಯಷ್ಟೆ.

ನಾನು ಅಲ್ಲಿಗೆ ಹೋದದ್ದು 2004ರ ನವೆಂಬರಿನಲ್ಲಿ, ಅಮೆರಿಕದಲ್ಲಿ ನೆಲೆಸಿದ್ದ ನನ್ನ ತಂಗಿ ಮತ್ತು ಅವಳ ಗಂಡನ ಜೊತೆಗೆ. ಮೊದಲ ಒಂದು ವಾರ ಜಿಯಾಂಗ್‌ಶಿ ಪ್ರಾಂತ್ಯದ ರಾಜಧಾನಿ ನಾನ್‌ಚಾಂಗ್‌ನಲ್ಲಿ. ಗಾನ್ ನದಿಯ ದಂಡೆಯ ಊರು. ಕ್ರಿ.ಶ. 653ರಲ್ಲಿ ಮೊದಲು ಕಟ್ಟಿ, ಅನೇಕ ಸಲ ಸುಟ್ಟು ಬಿದ್ದು, 1989ರಲ್ಲಿ ಮತ್ತೆ ಎದ್ದು ನಿಂತ ತೆಂಗ್‌ವಾಂಗ್ ಮಂಟಪ ಅಲ್ಲಿನ ಹೆಮ್ಮೆ. ನಾವು ಅದನ್ನು ದೂರದಿಂದ ನೋಡಿದ್ದೇ ಹೆಚ್ಚು. ನೋಡಬೇಕಾದದ್ದು ಬೇರೆ ಇತ್ತು.

ಸರ್ಕಾರಿ ಕಚೇರಿಯೊಂದರ ಮಹಡಿಯ ಕೋಣೆ. ಎಂಟು ಹತ್ತು ದಂಪತಿಗಳು, ಕೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಫೋಟೋ. ಬಾಗಿಲು ತೆರೆಯಿತು. ಆಯಿಗಳು (ಚೀನೀ ಭಾಷೆಯಲ್ಲಿ ಚಿಕ್ಕಮ್ಮನಿಗೂ ಮಕ್ಕಳನ್ನು ನೋಡಿಕೊಳ್ಳುವವಳಿಗೂ ಅದೇ ಮಾತು) ಒಬ್ಬೊಬ್ಬರಾಗಿ ಮಕ್ಕಳನ್ನು ತಂದು ಹೆಸರು ಕೂಗಿದರು. ಕೋಣೆಯ ತುಂಬ ಚೀರಾಟ. ನಮ್ಮ ಹುಡುಗಿ ಇಪ್ಪತ್ತೆರಡು ತಿಂಗಳಿನವಳು. ಮೂರು ಪದರ ಬಟ್ಟೆ, ಮುಷ್ಟಿಯಲ್ಲಿ ಒಂದು ಬಿಸ್ಕತ್ತು. ಅವಳು ಅಳಲಿಲ್ಲ. ನೆಲ ನೋಡುತ್ತಾ ನಿಂತಳು. ಕಾಗದಪತ್ರಗಳ ಮೇಲೆ ಅಪ್ಪ ಅಮ್ಮಂದಿರ ಹೆಬ್ಬೆಟ್ಟಿನ ಪಕ್ಕದಲ್ಲಿ ಅವಳ ಪಾದಕ್ಕೆ ಕೆಂಪು ಶಾಯಿ ಬಳಿದು ಗುರುತು ಒತ್ತಿಸಿಕೊಂಡಾಗಲೂ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆಯಿ ಯಾವಾಗ ಹೊರಟುಹೋದಳೋ ನಮಗಂತೂ ತಿಳಿಯಲಿಲ್ಲ. ಮಗುವಿಗೆ ತಿಳಿದಿತ್ತು ಎಂದು ಈಗ ನನಗನಿಸುತ್ತದೆ.

"ನೋಡಕ್ಕ, ಎಷ್ಟು ಜಾಣೆ, ಅಳಲೇ ಇಲ್ಲ" ಎಂದಳು ತಂಗಿ. ನಮ್ಮ ಮಾರ್ಗದರ್ಶಿ, ಐವತ್ತರ ಆಸುಪಾಸಿನ ಹೆಂಗಸು, ಇದಕ್ಕೆ ಉತ್ತರ ಕೊಡಲಿಲ್ಲ. ಸಂಜೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: ಎತ್ತಿಕೊಳ್ಳುವುದು, ಉಣಿಸುವುದು, ಸ್ನಾನ, ಮಲಗಿಸುವುದು ಎಲ್ಲವೂ ಅಪ್ಪ ಅಮ್ಮನ ಕೈಯಿಂದಲೇ ಆಗಬೇಕು, ನೀವು ಬಟ್ಟೆ ಒಗೆಯಿರಿ, ಹಾಲು ಕಾಯಿಸಿ, ಮಗುವಿಗೆ ಮಾತ್ರ ಕೈ ಚಾಚಬೇಡಿ. ನಮ್ಮ ಕಡೆ ಹೊಸ ಕೂಸು ಮನೆಗೆ ಬಂದರೆ ಅದು ಹತ್ತು ಮಡಿಲು ದಾಟಿಯೇ ತೊಟ್ಟಿಲು ಸೇರುವುದು. ಹಾಗೆ ಬೆಳೆದ ನನಗೆ ಈ ಕಟ್ಟಳೆ ಕಠೋರವೆನಿಸಿತು. ಆದರೆ ಲೆಕ್ಕ ಸರಿಯಾಗಿತ್ತು. ಹುಟ್ಟಿದಾಗಿನಿಂದ ಪಾಳಿ ಬದಲಾಯಿಸುವ ಕೈಗಳನ್ನೇ ಕಂಡ ಮಗುವಿಗೆ ಇನ್ನೂ ಹತ್ತು ಕೈಗಳು ಬೇಕಿರಲಿಲ್ಲ.

ಮಕ್ಕಳ ಈ ಮೌನದ ಬಗ್ಗೆ ಇಂಗ್ಲೆಂಡಿನಲ್ಲಿ ಹಿಂದೆಯೇ ದೊಡ್ಡ ಚರ್ಚೆಯಾಗಿತ್ತು. ಜೇಮ್ಸ್ ರಾಬರ್ಟ್‌ಸನ್ ಎಂಬಾತ 1952ರಲ್ಲಿ ಒಂದು ಚಲನಚಿತ್ರ ತೆಗೆದ. ಎರಡು ವರ್ಷ ದಾಟಿದ ಹುಡುಗಿಯೊಬ್ಬಳು ಶಸ್ತ್ರಚಿಕಿತ್ಸೆಗೆಂದು ಎಂಟು ದಿನ ಆಸ್ಪತ್ರೆಯಲ್ಲಿ ತಾಯಿಯಿಲ್ಲದೆ ಕಳೆಯುವುದೇ ಅದರ ಕಥೆ. ಆಕೆ ಅಳುವುದು ಬಹಳ ಕಡಿಮೆ. ನೋಡುವವರಿಗೆ ಅದೇ ಸಂಕಟ. ರಾಬರ್ಟ್‌ಸನ್ನನೂ ಮನೋವೈದ್ಯ ಜಾನ್ ಬೌಲ್ಬಿಯೂ ಹೇಳಿದ್ದು ಇಷ್ಟು: ಅಗಲಿಕೆಯಲ್ಲಿ ಮಗು ಮೊದಲು ಪ್ರತಿಭಟಿಸುತ್ತದೆ, ಆಮೇಲೆ ಹತಾಶೆಗೊಳ್ಳುತ್ತದೆ, ಕೊನೆಗೆ ಯಾರೂ ಬೇಡವೆಂಬಂತೆ ಕಳಚಿಕೊಳ್ಳುತ್ತದೆ. ಈ ಕೊನೆಯ ಹಂತವನ್ನೇ ದಾದಿಯರು 'ಹೊಂದಿಕೊಂಡಿತು' ಎಂದು ಭಾವಿಸುತ್ತಿದ್ದರು. ಮಕ್ಕಳ ವಾರ್ಡಿಗೆ ತಾಯಂದಿರನ್ನು ಧಾರಾಳವಾಗಿ ಬಿಡಬೇಕೆಂದು ಬ್ರಿಟನ್ನಿನ ಸರ್ಕಾರಿ ಸಮಿತಿಯೊಂದು 1959ರಲ್ಲಿ ಶಿಫಾರಸು ಮಾಡಿತು. ಪರೀಕ್ಷೆ ಮುಗಿದ ಮಾರನೆಯ ದಿನವೇ ಮಗುವನ್ನು ಹಾಸ್ಟೆಲಿಗೆ ಬಿಟ್ಟು, "ಒಂದು ತೊಟ್ಟೂ ಕಣ್ಣೀರು ಹಾಕಲಿಲ್ಲ" ಎಂದು ಹೆಮ್ಮೆಪಡುವ ತಂದೆ ತಾಯಿಗಳು ನಮ್ಮಲ್ಲೂ ಇದ್ದಾರಲ್ಲ, ಅವರು ಆ ಚಿತ್ರವನ್ನು ಒಮ್ಮೆ ನೋಡಬೇಕು.

ಮೊದಲ ಮೂರು ದಿನ ಮಗು ಅಪ್ಪನ ಹೆಗಲ ಮೇಲೆ ಮಾತ್ರ. ಆತ ಎತ್ತಿಕೊಂಡರೆ ಸುಮ್ಮನಿರುತ್ತಿದ್ದಳು, ತಂಗಿ ಹತ್ತಿರ ಬಂದರೆ ಮುಖ ತಿರುಗಿಸುತ್ತಿದ್ದಳು. ಅದುವರೆಗೆ ಅವಳನ್ನು ಸಾಕಿದವರು ಹೆಂಗಸರು. ಕೈಬಿಟ್ಟು ಹೋದದ್ದೂ ಹೆಂಗಸೇ. ಗಂಡಸು ಹೊಸ ಪ್ರಾಣಿ, ಅವನ ಮೇಲೆ ಹಳೆಯ ದೂರಿಲ್ಲ. ಹೀಗೆಂದು ನಾವು ಸಮಾಧಾನ ಹೇಳಿದರೂ ನಾಲ್ಕು ವರ್ಷ ಕಾದ ತಂಗಿಗೆ ಅದು ತಾಗದೆ ಹೋದೀತೆ? ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ಇದರ ಮೇಲೆ ಬರೆಯಂತೆ, ಮಗು ಒಂದು ಮಧ್ಯಾಹ್ನ ಓಡಿಬಂದು ನನ್ನ ಸೀರೆಯ ನೆರಿಗೆ ಹಿಡಿಯಿತು. ನನ್ನ ನರೆಗೂದಲಿನಲ್ಲಿ ಅದಕ್ಕೆ ಆಯಿ ಕಂಡಿರಬೇಕು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಅಮ್ಮ ಅಲ್ಲಿದ್ದಾಳೆ ನೋಡು" ಎಂದೆ. ಅಷ್ಟು ಭಾರದ ಕೆಲಸವನ್ನು ಜೀವನದಲ್ಲಿ ಹೆಚ್ಚು ಮಾಡಿದ ನೆನಪಿಲ್ಲ.

ನಾಲ್ಕನೆಯ ರಾತ್ರಿ ಅವಳು ಅತ್ತಳು. ಸಾಧಾರಣ ಅಳುವಲ್ಲ, "ಆಯಿ, ಆಯಿ" ಎಂದು ಎರಡು ಗಂಟೆ ಕಾಲ. ಪಕ್ಕದ ಕೋಣೆಯವರು ಗೋಡೆ ತಟ್ಟಿದರು. ಬೆಳಿಗ್ಗೆ ಸುದ್ದಿ ಕೇಳಿದ ಮಾರ್ಗದರ್ಶಿಯ ಮುಖ ಅರಳಿತು. ಒಬ್ಬರನ್ನು ಹಚ್ಚಿಕೊಂಡು ಗೊತ್ತಿರುವ ಮಗು ಇನ್ನೊಬ್ಬರನ್ನೂ ಹಚ್ಚಿಕೊಳ್ಳುತ್ತದೆ, ಯಾರು ಕರೆದರೂ ನಗುತ್ತಾ ಹೋಗುವ ಮಕ್ಕಳ ಬಗ್ಗೆಯೇ ನನಗೆ ಭಯ, ಎಂದಳು. ಎಷ್ಟೋ ಪುಸ್ತಕಗಳು ಸುತ್ತಿಬಳಸಿ ಹೇಳುವ ಮಾತು.

ಆಮೇಲೆ ಮಾಡಿದ್ದೆಲ್ಲ ಸಣ್ಣಪುಟ್ಟ ಕೆಲಸ. ಬಂದ ದಿನದ ಬಟ್ಟೆಯನ್ನು ಒಗೆಯಲಿಲ್ಲ. ಹಳೆಯ ವಾಸನೆ ಇರಲಿ ಎಂದು ದಿಂಬಿನ ಬಳಿ ಇಟ್ಟರು. ಹೋಟೆಲಿನ ಬಾತ್‌ಟಬ್ ಕಂಡರೆ ಅವಳಿಗೆ ಜೀವಭಯ. ತಂಗಿ ಬೀದಿ ಅಂಗಡಿಯಿಂದ ಪ್ಲಾಸ್ಟಿಕ್ ಬೇಸಿನ್ನು, ಮಗ್ಗು ತಂದು, ತಾನೂ ನೆಲದ ಮೇಲೆ ಕೂತು ನಮ್ಮೂರಿನ ರೀತಿಯಲ್ಲಿ ನೀರು ಹುಯ್ದಳು. ಊಟಕ್ಕೆ ಅನ್ನದ ಗಂಜಿ. ಇಂಗ್ಲಿಷರ ಬಾಯಲ್ಲಿ ಈ ಚೀನೀ ಗಂಜಿಗೆ 'ಕಾಂಜೀ' ಎಂದು ಹೆಸರು. ಆ ಪದ ಹೋಗಿದ್ದು ನಮ್ಮ ದ್ರಾವಿಡ ಭಾಷೆಗಳಿಂದ. ಚೀನೀಯರು ಕರೆಯುವುದು 'ಝೌ' ಎಂದು. ಹೆಸರೇನಾದರೂ ಇರಲಿ, ಗಂಜಿ ಉಣಿಸುವ ವಿದ್ಯೆಯನ್ನು ತಂಗಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಷ್ಟಿಯ ಬಿಸ್ಕತ್ತನ್ನು ಯಾರೂ ಕಸಿಯಲಿಲ್ಲ. ಅದು ಪುಡಿಯಾದಾಗ ಮತ್ತೊಂದನ್ನು ಕೊಟ್ಟರು.

ಕಣ್ಣಿಗೆ ಕಣ್ಣು ಕೊಡುವುದು ಮಾತ್ರ ಇಲ್ಲವೇ ಇಲ್ಲ. ಐದನೆಯ ದಿನ ಲಿಫ್ಟಿನಲ್ಲಿ ಇಳಿಯುವಾಗ, ಒಳಗಿನ ಕನ್ನಡಿಯಲ್ಲಿ ಅವಳು ತಂಗಿಯನ್ನು ನೋಡುತ್ತಿದ್ದುದು ಕಣ್ಣಿಗೆ ಬಿತ್ತು. ಕನ್ನಡಿಯ ಅಮ್ಮನನ್ನು ನೋಡಬಹುದು, ನಿಜವಾದ ಅಮ್ಮನನ್ನು ನೋಡಲಾರಳು! ತಂಗಿ ಕನ್ನಡಿಗೇ ನಾಲಿಗೆ ಚಾಚಿದಳು. ಕನ್ನಡಿಯ ಹುಡುಗಿ ತಲೆ ತಗ್ಗಿಸಿ, ಮತ್ತೆ ಎತ್ತಿದಳು. ಅಂದು ನಾವು ಆ ಲಿಫ್ಟಿನಲ್ಲಿ ಎಷ್ಟು ಸಲ ಹತ್ತಿ ಇಳಿದೆವೋ ಲೆಕ್ಕವಿಲ್ಲ. ಕೆಳಗಿನ ಕೌಂಟರಿನ ಹುಡುಗಿಯರು ನಮಗೆ ಬುದ್ಧಿಭ್ರಮಣೆಯೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ.

ಮಾತಿನ ವಿಷಯವೂ ವಿಚಿತ್ರ. ತಂಗಿ ಟೇಪಿನಿಂದ ಕಲಿತದ್ದು ಮ್ಯಾಂಡರಿನ್. ಮಗುವಿನ ಕಿವಿಗೆ ಅಭ್ಯಾಸವಾಗಿದ್ದದ್ದು ಜಿಯಾಂಗ್‌ಶಿಯ ಹಳ್ಳಿಮಾತು. ಕೊನೆಗೆ ಸಾಕಾಗಿ ತಂಗಿ ಕನ್ನಡದಲ್ಲೇ ಮಾತಾಡತೊಡಗಿದಳು. ಆಗಲೇ ಅವಳ ದನಿ ಸರಿಯಾದದ್ದು.

ಏಳನೆಯ ದಿನ ಪಾಸ್‌ಪೋರ್ಟ್ ಕೈಗೆ ಬಂದು ಗುವಾಂಗ್‌ಝೌಗೆ ಹಾರಿದೆವು. ನವೆಂಬರಿನ ಶಾಮಿಯನ್ ನಮ್ಮ ಬೆಂಗಳೂರಿನಷ್ಟೇ ಹಿತ. ಹೋಟೆಲಿನ ಒಳಗೆ ಜಲಪಾತ, ಅದರ ಕೆಳಗೆ ಕೊಳ, ಕೊಳದಲ್ಲಿ ಕೆಂಪು ಮೀನುಗಳು. ಎಲ್ಲಿ ನೋಡಿದರೂ ತಳ್ಳುಗಾಡಿಗಳು, ಚೀನೀ ಮಕ್ಕಳು, ಹೊಂಬಣ್ಣದ ಕೂದಲಿನ ತಾಯಂದಿರು. ದತ್ತು ಪಡೆದವರಿಗೆಂದು ಹೋಟೆಲಿನಲ್ಲಿ ಒಂದು ಬಾರ್ಬಿ ಬೊಂಬೆಯನ್ನು ಉಚಿತವಾಗಿ ಕೊಡುತ್ತಿದ್ದರು. ಬಿಳಿಯ ಬಾರ್ಬಿ, ಕಂಕುಳಲ್ಲಿ ಚೀನೀ ಕೂಸು. ಜಡೆ ಹೆಣೆದ, ಎಣ್ಣೆಗಪ್ಪು ಬಣ್ಣದ ನನ್ನ ತಂಗಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಕ್ಕು, ಪೆಟ್ಟಿಗೆಯಲ್ಲಿಟ್ಟಳು. ಬೀದಿಯ ಅಂಗಡಿಗಳಲ್ಲಿ ಮಗುವಿನ ಹೆಸರು ಕೆತ್ತಿದ ಮುದ್ರೆ, ರೇಷ್ಮೆಯಂಗಿ, ನಡೆದರೆ ಕೀಚಲುಗುಟ್ಟುವ ಶೂಗಳು. ಆ ಶೂ ಕಂಡುಹಿಡಿದವನಿಗೆ ಮಕ್ಕಳಿರಲಿಲ್ಲವೆಂದು ಕಾಣುತ್ತದೆ.

ದ್ವೀಪದ ನಡುಬೀದಿಯಲ್ಲಿ ಹಳೆಯ ಕಾಲದ ಬದುಕನ್ನು ತೋರಿಸುವ ಕಂಚಿನ ಪ್ರತಿಮೆಗಳಿವೆ, ಮಕ್ಕಳದೂ ಇವೆ. ನಮ್ಮ ಹುಡುಗಿ ಯಾರ ಕೈಯನ್ನೂ ತಾನಾಗಿ ಹಿಡಿದವಳಲ್ಲ. ಕಂಚಿನ ಮಗುವೊಂದರ ಕೈಯನ್ನು ಹಿಡಿದು ಬಹಳ ಹೊತ್ತು ನಿಂತಳು. ಅದು ಎಳೆಯಲಿಲ್ಲ, ಬಿಡಲೂ ಇಲ್ಲ. ತಂಗಿ ಪಕ್ಕದ ಮೆಟ್ಟಿಲಿನ ಮೇಲೆ ಕೂತು ಕಾದಳು. ಅಷ್ಟು ಹೊತ್ತಿಗೆ ಅವಳಿಗೂ ಕಾಯುವುದು ಬಂದಿತ್ತು.

ವೀಸಾಕ್ಕೆ ಮುಂಚೆ ಅದೇ ದ್ವೀಪದಲ್ಲಿ ವೈದ್ಯಕೀಯ ಪರೀಕ್ಷೆ. ತೂಕ, ಎತ್ತರ, ಕಿವಿ, ಗಂಟಲು. ಬಿಳಿ ಕೋಟಿನ ವೈದ್ಯ ದೀಪ ಹಿಡಿದು ಬಗ್ಗಿದ್ದೇ ತಡ, ಮಗು ಸರ್ರನೆ ತಿರುಗಿತು. ಒಂದು ಕಡೆ ಅಪ್ಪ, ಒಂದು ಕಡೆ ಅಮ್ಮ, ಬಾಗಿಲ ಬಳಿ ನಾನು. ಅವಳು ಹೋದದ್ದು ತಂಗಿಯ ಕಡೆಗೆ. ಕುತ್ತಿಗೆಗೆ ಎರಡೂ ಕೈ ಬಿಗಿದು, ಮುಖ ಹುದುಗಿಸಿ, ಚೀರಿದಳು. ವೈದ್ಯನಿಗೆ ಅದು ದಿನನಿತ್ಯದ ಗಲಾಟೆ, ನಗುತ್ತಾ ಕಾಯ್ದ. ನಗುವಾಗ ಮಗು ಯಾರ ಬಳಿಯಾದರೂ ಇದ್ದೀತು, ಹೆದರಿದಾಗ ಯಾರ ಬಳಿಗೆ ಓಡುತ್ತದೆ ಎನ್ನುವುದೇ ಬಾಂಧವ್ಯದ ಅಳತೆ ಎಂದು ಬೌಲ್ಬಿಯ ಪಂಥದವರು ಹೇಳುತ್ತಾರೆ. ತಂಗಿಯ ರವಿಕೆಯ ತೋಳು ಹರಿದಿತ್ತು. ಅದನ್ನು ಅವಳು ಹೊಲಿಸಲೇ ಇಲ್ಲ.

ಮುಂದಿನದು ಸರಸರನೆ ಆಯಿತು. ದೂತಾವಾಸದಲ್ಲಿ ಹತ್ತಾರು ದಂಪತಿಗಳು ಒಟ್ಟಿಗೆ ಬಲಗೈ ಎತ್ತಿ ಪ್ರಮಾಣ ಮಾಡಿದರು. ಹೊರಡುವ ಮುನ್ನ, ಹೋಟೆಲಿನ ಕೆಂಪು ಸೋಫಾದ ಮೇಲೆ ತಂಡದ ಮಕ್ಕಳನ್ನೆಲ್ಲ ಸಾಲಾಗಿ ಕೂರಿಸಿ ಫೋಟೋ ತೆಗೆಯುವ ಸಂಪ್ರದಾಯ. ರೇಷ್ಮೆಯಂಗಿ ತೊಟ್ಟ ಒಂಬತ್ತು ಮಕ್ಕಳು, ಒಂಬತ್ತೂ ಬಾಯಿ ತೆರೆದು ಅಳುತ್ತಿರುವ ಆ ಚಿತ್ರ ನಮ್ಮ ಮನೆಯ ಷೋಕೇಸಿನಲ್ಲಿದೆ.

ಅಲ್ಲಿಗೆ ಎಲ್ಲವೂ ಸುಸೂತ್ರವಾಯಿತೆಂದು ಹೇಳಲಾರೆ. ಅಮೆರಿಕದ ಮನೆಯಲ್ಲೂ ಅವಳು ತಿಂಗಳುಗಟ್ಟಲೆ ದಿಂಬಿನ ಕೆಳಗೆ ರೊಟ್ಟಿಯ ಚೂರು ಬಚ್ಚಿಡುತ್ತಿದ್ದಳು, ದೀಪ ಆರಿಸಲು ಬಿಡುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಪ್ರಶ್ನೆಗಳು ಆಮೇಲೆ ಎದ್ದವು. ಹುನಾನ್ ಪ್ರಾಂತ್ಯದ ಕೆಲವು ಅನಾಥಾಲಯಗಳು ದಲ್ಲಾಳಿಗಳಿಂದ ಮಕ್ಕಳನ್ನು ಕೊಂಡಿದ್ದ ಸಂಗತಿ 2005ರಲ್ಲಿ ಹೊರಬಿತ್ತು. ಅಂದಿನಿಂದ ದತ್ತು ಪಡೆದ ಎಷ್ಟೋ ಮನೆಗಳಲ್ಲಿ ಹಳೆಯ ಕಾಗದಗಳನ್ನು ಮತ್ತೆ ಬಿಚ್ಚಿ ನೋಡುವಂತಾಯಿತು. ತಂಗಿಯೂ ಬಿಚ್ಚಿ ನೋಡಿದಳು. 'ಇಂಥ ದಿನ, ಇಂಥ ಬಾಗಿಲಿನಲ್ಲಿ ಸಿಕ್ಕಿದ ಮಗು' ಎಂಬ ಎರಡು ಸಾಲಿನಿಂದ ಏನು ತಿಳಿದೀತು?

ಒಂದೇ ಮಗುವಿನ ಕಟ್ಟಳೆ 2015ರ ಕೊನೆಗೆ ಮುಗಿಯಿತು. 2024ರ ಸೆಪ್ಟೆಂಬರಿನಲ್ಲಿ ಚೀನಾ, ಹತ್ತಿರದ ಸಂಬಂಧಿಕರ ವಿನಾ, ವಿದೇಶಿಯರಿಗೆ ಮಕ್ಕಳನ್ನು ಕೊಡುವುದನ್ನೇ ನಿಲ್ಲಿಸಿತು. ಅಷ್ಟರಲ್ಲಿ ಅಮೆರಿಕ ಒಂದಕ್ಕೇ 82 ಸಾವಿರಕ್ಕೂ ಹೆಚ್ಚು ಮಕ್ಕಳು ಹೋಗಿದ್ದರು. ದೂತಾವಾಸ 2013ರಲ್ಲೇ ದ್ವೀಪ ಬಿಟ್ಟು ಊರಿನ ಹೊಸ ಬಡಾವಣೆಗೆ ಹೋಗಿದೆ. ಬಿಳಿ ಹಂಸ ಕೆಲಕಾಲ ಮುಚ್ಚಿ, ರಿಪೇರಿಯಾಗಿ, 2015ರಲ್ಲಿ ಮತ್ತೆ ತೆರೆಯಿತು. ಜಲಪಾತ ಹಾಗೆಯೇ ಇದೆ.

ಶಾಮಿಯನ್ ನೋಡಬೇಕೆನ್ನುವವರು ಗುವಾಂಗ್‌ಝೌ ಮೆಟ್ರೋದಲ್ಲಿ ಹುವಾಂಗ್‌ಶಾ ನಿಲ್ದಾಣದಲ್ಲಿ ಇಳಿದು ಕಾಲುವೆ ದಾಟಿದರೆ ಸಾಕು. ಮುಂಜಾನೆ ಹೋಗುವುದು ಉತ್ತಮ; ಹತ್ತು ಗಂಟೆಯ ನಂತರ ಮದುವೆಯ ಫೋಟೋ ತೆಗೆಸಿಕೊಳ್ಳುವ ಜೋಡಿಗಳ ಗದ್ದಲ. ಈ ಮಧ್ಯೆ ಇಪ್ಪತ್ತು ದಾಟಿದ ತರುಣ ತರುಣಿಯರೂ, ಕೈಯಲ್ಲಿ ಹಳೆಯ ಫೋಟೋ ಹಿಡಿದು, ಕಂಚಿನ ಪ್ರತಿಮೆಗಳ ನಡುವೆ ಜಾಗ ಗುರುತಿಸುತ್ತಾ ನಿಂತಿರುವುದು ಕಾಣಸಿಗುತ್ತದೆ. ನಮ್ಮ ಹುಡುಗಿಯೂ ಹೋಗಬೇಕೆಂದಿದ್ದಾಳೆ. ಮೊದಲು ನಾನ್‌ಚಾಂಗ್, ಆಮೇಲೆ ದ್ವೀಪ. "ದೊಡ್ಡಮ್ಮ, ನೀವೂ ಬರಬೇಕು, ಆ ಲಿಫ್ಟು ಯಾವ ಹೋಟೆಲಿನದೆಂದು ಅಮ್ಮನಿಗೆ ಮರೆತುಹೋಗಿದೆ" ಎಂದು ಫೋನು ಮಾಡಿದ್ದಳು. ಪಾಸ್‌ಪೋರ್ಟಿನ ನವೀಕರಣಕ್ಕೆ ಅರ್ಜಿ ಹಾಕಿದ್ದೇನೆ.